ಸುಗಂಧರಾಜ: ಬುಡಗಳ ಆರೈಕೆ, ಗಡ್ಡೆ ಕೀಳುವಿಕೆ ಮತ್ತು ವಿಂಗಡಣೆ

ಸುಗಂಧರಾಜವು ಕರ್ನಾಟಕದ ಪ್ರಮುಖ ವಾಣಿಜ್ಯ ಹೂ ಬೆಳೆಗಳಲ್ಲಿ ಒಂದು. ಹಾರಕ್ಕೆ ಬಿಡಿ ಹೂವಾಗಿ, ಅಲಂಕಾರಕ್ಕೆ ಉದ್ದ ದಂಟಿನ ಹೂವಾಗಿ, ಸುಗಂಧ ಸಾರ ತೆಗೆಯಲು ಕಚ್ಚಾವಸ್ತುವಾಗಿ ಇದಕ್ಕೆ ವರ್ಷವಿಡೀ ಬೇಡಿಕೆಯಿದೆ. ಮೆಕ್ಸಿಕೊ ಮೂಲದ ಈ ಸಸ್ಯವನ್ನು ಬಹುಕಾಲ ಪಾಲಿಯಾಂಥಸ್ ಟ್ಯೂಬರೋಸ ಎಂಬ ಹೆಸರಿನಿಂದ ಗುರುತಿಸಲಾಗುತ್ತಿತ್ತು. ಈಚೆಗೆ ಇದನ್ನು ಕತ್ತಾಳೆಯ ಕುಲಕ್ಕೆ ಸೇರಿಸಿ ಅಗೇವ್ ಅಮಿಕಾ ಎಂದು ಹೆಸರಿಸಲಾಗಿದೆ.

ಒಮ್ಮೆ ನಾಟಿ ಮಾಡಿದ ಸುಗಂಧರಾಜವನ್ನು ಎರಡು ಮೂರು ವರ್ಷ ಕೂಳೆಯಾಗಿ ಉಳಿಸಿಕೊಳ್ಳಬಹುದು. ಅನಂತರ ಗಡ್ಡೆಗಳನ್ನು ಕಿತ್ತು, ಬೇರ್ಪಡಿಸಿ, ಬೇರೆ ಜಾಗದಲ್ಲಿ ನೆಡುವುದು ಅನಿವಾರ್ಯ. ಈ ಕೆಲಸವನ್ನು ಸಕಾಲದಲ್ಲಿ ಮತ್ತು ಕ್ರಮಬದ್ಧವಾಗಿ ಮಾಡಿದರೆ ಮುಂದಿನ ಮೂರು ವರ್ಷಗಳ ಬೆಳೆಗೆ ಬೇಕಾದ ಬಿತ್ತನೆ ಗಡ್ಡೆ ನಿಮ್ಮ ಹೊಲದಲ್ಲಿಯೇ ದೊರೆಯುತ್ತದೆ. ಉದಾಸೀನ ಮಾಡಿದರೆ ಹಳೆಯ ತಾಕಿನ ರೋಗ ಮತ್ತು ಜಂತುಹುಳುಗಳನ್ನು ನೀವೇ ಹೊಸ ತಾಕಿಗೆ ಹೊತ್ತು ಹಾಕಿದಂತಾಗುತ್ತದೆ. ಈ ಲೇಖನದಲ್ಲಿ ಬುಡಗಳ ಆರೈಕೆ ಹಾಗೂ ವಿಂಗಡಣೆಯ ಕ್ರಮವನ್ನು ವಿವರಿಸಲಾಗಿದೆ.

ಗಡ್ಡೆಯ ಸ್ವಭಾವ

ಆರೈಕೆಯ ಕ್ರಮ ಅರ್ಥವಾಗಬೇಕಾದರೆ ಗಡ್ಡೆಯ ಸ್ವಭಾವವನ್ನು ಮೊದಲು ತಿಳಿಯಬೇಕು. ಸುಗಂಧರಾಜದ ಗಡ್ಡೆಯು ದಪ್ಪನಾದ ಎಲೆಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದ ರಚನೆ. ಅದರ ತಳದಲ್ಲಿರುವ ಗಟ್ಟಿಯಾದ ತಟ್ಟೆಯಿಂದ ಬೇರುಗಳು ಹೊರಡುತ್ತವೆ. ನಡುವಿನ ಸುಳಿಯು ಹೂದಂಟಾಗಿ ಮೇಲೇಳುತ್ತದೆ. ಒಂದು ಗಡ್ಡೆಯ ಸುಳಿ ಹೂ ಬಿಡುವುದು ಒಂದೇ ಬಾರಿ. ಹೂ ಮುಗಿದ ಬಳಿಕ ಆ ಗಡ್ಡೆ ಮತ್ತೆ ದಂಟು ಕೊಡುವುದಿಲ್ಲ. ಆದರೆ ಅಷ್ಟರಲ್ಲಿ ಅದರ ಎಲೆಬುಡಗಳ ಸಂದಿಯಲ್ಲಿರುವ ಮೊಗ್ಗುಗಳು ಮರಿಗಡ್ಡೆಗಳಾಗಿ ಬಲಿತು ಮುಂದಿನ ದಂಟುಗಳನ್ನು ಕೊಡುತ್ತವೆ.

ಹೀಗೆ ಮೊದಲ ವರ್ಷ ಒಂದೇ ಗಡ್ಡೆಯಿದ್ದ ಜಾಗದಲ್ಲಿ ಎರಡನೆಯ ವರ್ಷ ಒಂದು ಹಿಂಡು ಇರುತ್ತದೆ. ಆದ್ದರಿಂದಲೇ ಎರಡನೆಯ ವರ್ಷ ಹೂದಂಟುಗಳ ಸಂಖ್ಯೆ ಹೆಚ್ಚು. ಮೂರನೆಯ ವರ್ಷದ ಹೊತ್ತಿಗೆ ಅದೇ ಜಾಗ, ಅದೇ ನೀರು, ಅದೇ ಗೊಬ್ಬರಕ್ಕೆ ಹತ್ತಾರು ಗಡ್ಡೆಗಳು ಪೈಪೋಟಿ ನಡೆಸುತ್ತವೆ. ಗಡ್ಡೆಗಳು ಸಣ್ಣದಾಗುತ್ತವೆ, ದಂಟು ಗಿಡ್ಡವಾಗುತ್ತದೆ, ಒಂದು ದಂಟಿನಲ್ಲಿರುವ ಹೂಗಳ ಸಂಖ್ಯೆ ಇಳಿಯುತ್ತದೆ. ಇದು ಬೆಳೆಯ ಸಹಜ ಸ್ವಭಾವವಾದ್ದರಿಂದ ಹೆಚ್ಚುವರಿ ಗೊಬ್ಬರ ಹಾಕಿ ಸರಿಪಡಿಸಲು ಸಾಧ್ಯವಿಲ್ಲ. ವಿಂಗಡಣೆಯೇ ಇದಕ್ಕಿರುವ ಪರಿಹಾರ.

ತಳಿಗಳು

ಒಂದು ಸುತ್ತಿನ ದಳದ ತಳಿಗಳು ಬಿಡಿ ಹೂವಿಗೂ ಸುಗಂಧ ಸಾರಕ್ಕೂ, ಅನೇಕ ಸುತ್ತಿನ ದಳದ ತಳಿಗಳು ದಂಟು ಸಹಿತ ಮಾರಾಟಕ್ಕೂ ಸೂಕ್ತ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಶೃಂಗಾರ್, ಪ್ರಜ್ವಲ್ ಮತ್ತು ಅರ್ಕಾ ನಿರಂತರ ಒಂದು ಸುತ್ತಿನವು. ಸುವಾಸಿನಿ ಅನೇಕ ಸುತ್ತಿನದು, ವೈಭವ್ ಅರೆ ಸುತ್ತಿನದು. ಶೃಂಗಾರ್ ತಳಿಯು ಬೇರುಗಂಟು ಜಂತುಹುಳುವನ್ನು ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತದೆ. ಶೃಂಗಾರ್ ಮತ್ತು ಪ್ರಜ್ವಲ್ ತಳಿಗಳ ಮೊಗ್ಗಿನಲ್ಲಿ ನಸುಗುಲಾಬಿ ಛಾಯೆಯಿದ್ದರೆ, ವೈಭವ್ ತಳಿಯ ಮೊಗ್ಗಿನಲ್ಲಿ ಹಸಿರು ಛಾಯೆಯಿರುತ್ತದೆ. ಗಡ್ಡೆಯನ್ನು ನೋಡಿ ತಳಿ ಗುರುತಿಸಲು ಆಗದು, ಮೊಗ್ಗು ಮತ್ತು ಹೂವನ್ನು ನೋಡಿಯೇ ಗುರುತಿಸಬೇಕು. ಈ ಅಂಶ ಮುಂದೆ ಗಡ್ಡೆ ಆಯ್ಕೆಯಲ್ಲಿ ಮುಖ್ಯವಾಗುತ್ತದೆ.

ನಿಂತ ಬೆಳೆಯ ಆರೈಕೆ

ನೀರು ಬಸಿದುಹೋಗುವ, ಸಾವಯವ ಅಂಶವುಳ್ಳ ಮರಳುಮಿಶ್ರಿತ ಗೋಡು ಮಣ್ಣು ಉತ್ತಮ. ನೀರು ನಿಲ್ಲುವ ತಾಕಿನಲ್ಲಿ ಗಡ್ಡೆ ಕೊಳೆಯುತ್ತದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರ ನೀಡುವುದು ಸೂಕ್ತ. ಪರೀಕ್ಷೆ ಆಗದಿದ್ದಲ್ಲಿ ಹೆಕ್ಟೇರಿಗೆ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 200 ಕೆ.ಜಿ. ಎಂಬ ಸಾಮಾನ್ಯ ಶಿಫಾರಸನ್ನು ಅನುಸರಿಸಬಹುದು. ಎಕರೆಗೆ ಲೆಕ್ಕ ಹಾಕಿದರೆ ಇದು ಸುಮಾರು 174 ಕೆ.ಜಿ. ಯೂರಿಯಾ, 500 ಕೆ.ಜಿ. ಸಿಂಗಲ್ ಸೂಪರ್ ಫಾಸ್ಫೇಟ್ ಮತ್ತು 133 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ರಂಜಕ ಮತ್ತು ಪೊಟ್ಯಾಷ್ ಪೂರ್ತಿಯನ್ನು ನಾಟಿಯ ವೇಳೆ ಕೊಡಿ. ಯೂರಿಯಾವನ್ನು ಮೂರು ಸಮಕಂತುಗಳಲ್ಲಿ, ಅಂದರೆ ಪ್ರತಿ ಕಂತಿಗೆ 58 ಕೆ.ಜಿ.ಯಂತೆ, ನಾಟಿಯ ವೇಳೆ ಮತ್ತು ನಾಟಿಯಾದ 60 ಹಾಗೂ 90 ದಿನಗಳಿಗೆ ನೀಡಿ. ಕೂಳೆ ಬೆಳೆಗೂ ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಅವಶ್ಯ.

ಆರೈಕೆಯಲ್ಲಿ ಗಮನಿಸಬೇಕಾದ ಇತರ ಅಂಶಗಳು ಇವು:

1. ಮಣ್ಣಿನ ಗುಣ ಮತ್ತು ಹವೆಯನ್ನು ನೋಡಿಕೊಂಡು 7ರಿಂದ 10 ದಿನಗಳಿಗೊಮ್ಮೆ ನೀರು ಕೊಡಿ. ನಾಟಿಯಾದ ಮೇಲೆ ಮೊಳಕೆ ಬರುವ ತನಕ ಮಣ್ಣಿನ ಹದ ಉಳಿಯುವಷ್ಟು ಮಾತ್ರ ನೀರು ಸಾಕು.

2. ಮರಿಗಡ್ಡೆಗಳು ಮೇಲ್ಮಣ್ಣಿನಲ್ಲಿ ಬಲಿಯುವುದರಿಂದ ಬುಡಕ್ಕೆ ಆಗಾಗ ಮಣ್ಣು ಏರಿಸಿ. ಬಿಸಿಲಿಗೆ ತೆರೆದುಕೊಂಡ ಗಡ್ಡೆ ದಪ್ಪವಾಗುವುದಿಲ್ಲ.

3. ಹೂ ಮುಗಿದ ದಂಟನ್ನು ಬುಡದವರೆಗೆ ಕತ್ತರಿಸಿ ತೆಗೆಯಿರಿ. ಒಣದಂಟನ್ನು ಹಾಗೆಯೇ ಬಿಡಬೇಡಿ.

4. ಹಸಿರೆಲೆಗಳನ್ನು ಕೊಯ್ಯಬೇಡಿ, ದನಕರುಗಳಿಗೆ ಮೇಯಲು ಬಿಡಬೇಡಿ. ಹೂ ಮುಗಿದ ಮೇಲಿನ ಒಂದೂವರೆ ಎರಡು ತಿಂಗಳಲ್ಲಿ ಎಲೆಗಳು ತಯಾರಿಸುವ ಆಹಾರವೇ ಮುಂದಿನ ಗಡ್ಡೆಯ ದಪ್ಪವನ್ನು ನಿರ್ಧರಿಸುತ್ತದೆ.

ಗಡ್ಡೆ ಕೀಳುವ ಕಾಲ ಬಂದಿದೆಯೇ?

ಕೂಳೆಯನ್ನು ಇನ್ನೊಂದು ವರ್ಷ ಉಳಿಸುವುದೋ, ಕೀಳುವುದೋ ಎಂಬ ತೀರ್ಮಾನವನ್ನು ಬೆಳೆಯ ವಯಸ್ಸನ್ನಷ್ಟೇ ನೋಡಿ ಮಾಡಬಾರದು. ತಾಕಿನ ನಾಲ್ಕು ಮೂಲೆಗಳಿಂದ ನಾಲ್ಕು, ನಡುವಿನಿಂದ ಒಂದು, ಒಟ್ಟು ಐದು ಬುಡಗಳನ್ನು ಬೇರು ಸಹಿತ ಅಗೆದು ತೆಗೆಯಿರಿ. ಬೇರುಗಳನ್ನು ಬಕೆಟ್ಟಿನ ನೀರಿನಲ್ಲಿ ಮೆಲ್ಲನೆ ತೊಳೆದು ಪರೀಕ್ಷಿಸಿ.

- ಬೇರು ಬೆಳ್ಳಗೆ, ನಯವಾಗಿದ್ದು ಗಡ್ಡೆಗಳು ಗಟ್ಟಿಯಾಗಿದ್ದರೆ, ದಂಟಿನ ಉದ್ದವೂ ಮಾರುಕಟ್ಟೆಗೆ ಒಪ್ಪುವಂತಿದ್ದರೆ ಇನ್ನೊಂದು ವರ್ಷ ಉಳಿಸಬಹುದು.

- ಬೇರು ಆರೋಗ್ಯವಾಗಿದ್ದರೂ ಬುಡದಲ್ಲಿ ಸಣ್ಣ ಗಡ್ಡೆಗಳೇ ಕಿಕ್ಕಿರಿದಿದ್ದರೆ ಕಿತ್ತು ವಿಂಗಡಿಸುವ ಕಾಲ ಬಂದಿದೆ.

- ಬೇರಿನಲ್ಲಿ ಗಂಟುಗಳು ಕಂಡುಬಂದರೆ ಅಥವಾ ಗಡ್ಡೆಯ ತಳ ಮೆತ್ತಗಾಗಿದ್ದರೆ ಆ ತಾಕಿನ ಗಡ್ಡೆ ಬಿತ್ತನೆಗೆ ಯೋಗ್ಯವಲ್ಲ. ಬೆಳೆ ಎಷ್ಟೇ ಎಳೆಯದಾಗಿರಲಿ, ಈ ಮಾತಿನಲ್ಲಿ ವಿನಾಯಿತಿ ಬೇಡ.

ತಾಯಿಬುಡಗಳನ್ನು ಹೂವಿನ ಕಾಲದಲ್ಲಿಯೇ ಗುರುತಿಸಿ

ಬಹುಪಾಲು ರೈತರು ಗಡ್ಡೆ ಕಿತ್ತ ಮೇಲೆ ದಪ್ಪನಾದುವನ್ನು ಆರಿಸುತ್ತಾರೆ. ಇದು ಅರ್ಧ ಆಯ್ಕೆ ಮಾತ್ರ. ಎಲೆ ಒಣಗಿದ ಮೇಲೆ ಒಳ್ಳೆಯ ಬುಡ, ಕಳಪೆ ಬುಡ, ಬೇರೆ ತಳಿಯ ಬುಡ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಹೂ ಹೇರಳವಾಗಿರುವ ಮಳೆಗಾಲದ ತಿಂಗಳುಗಳಲ್ಲಿ ಸಾಲುಗಳಲ್ಲಿ ನಡೆದು, ನೀಳವಾದ ನೇರ ದಂಟು, ಒತ್ತಾದ ಹೂಗಳು, ಕಡುಹಸಿರು ಎಲೆ ಇರುವ ಬುಡಗಳ ಪಕ್ಕ ಬಿದಿರಿನ ಸೀಳು ನೆಟ್ಟು ಗುರುತು ಮಾಡಿ. ಬೇರೆ ತಳಿಯ ಹೂವಿರುವ ಬುಡಗಳನ್ನು ಆಗಲೇ ಕಿತ್ತು ಬೇರ್ಪಡಿಸಿ.

ಎಷ್ಟು ಬುಡಗಳನ್ನು ಗುರುತಿಸಬೇಕು? 45 ಸೆಂ.ಮೀ. ಸಾಲು, 20 ಸೆಂ.ಮೀ. ಗಿಡದ ಅಂತರದಲ್ಲಿ ಎಕರೆಗೆ ಸುಮಾರು 45,000 ಗಡ್ಡೆಗಳು, ಅರ್ಧ ಎಕರೆಗೆ 22,500 ಗಡ್ಡೆಗಳು ಬೇಕು. ಒಂದು ಬುಡದಿಂದ ಸರಾಸರಿ 8 ಬಿತ್ತನೆ ಯೋಗ್ಯ ಗಡ್ಡೆಗಳು ದೊರೆಯುತ್ತವೆ ಎಂದು ಇಟ್ಟುಕೊಳ್ಳಿ. ಆಗ ಅರ್ಧ ಎಕರೆಗೆ ಸುಮಾರು 2,800 ಬುಡಗಳು ಬೇಕಾಗುತ್ತವೆ. ಹಾಳಾಗುವ ಪ್ರಮಾಣಕ್ಕೆ ಶೇಕಡಾ 10 ಸೇರಿಸಿದರೆ ಸುಮಾರು 3,100 ಬುಡಗಳು. ಇವು ನಿಂತಿರುವ ಜಾಗ ಮೂರು ಗುಂಟೆಗೂ ಕಡಿಮೆ. ಅಂದರೆ ಇಪ್ಪತ್ತು ಗುಂಟೆಯ ಹೊಸ ನಾಟಿಗೆ ಹಳೆಯ ತಾಕಿನ ಅತ್ಯುತ್ತಮವಾದ ಮೂರು ಗುಂಟೆ ಸಾಕು. ಕಳಪೆ ಬುಡಗಳನ್ನು ಬಿತ್ತನೆಗೆ ಬಳಸಬೇಕಾದ ಅಗತ್ಯವೇ ಬರುವುದಿಲ್ಲ. ನಿಮ್ಮ ತಾಕಿನ ಸರಾಸರಿ ತಿಳಿಯಲು ಹತ್ತು ಬುಡಗಳನ್ನು ಕಿತ್ತು ಎಣಿಸಿ ಈ ಲೆಕ್ಕವನ್ನು ಹಾಕಿಕೊಳ್ಳಿ.

ಗಡ್ಡೆ ಕೀಳುವ ಕ್ರಮ

ಚಳಿಗಾಲದಲ್ಲಿ ಹೂದಂಟುಗಳು ವಿರಳವಾಗುತ್ತವೆ. ಹೂ ನಿಂತ 45ರಿಂದ 60 ದಿನಗಳಲ್ಲಿ ಗಡ್ಡೆ ಬಲಿಯುತ್ತದೆ. ಎಲೆಗಳು ಹಳದಿಯಾಗಿ ತುದಿಯಿಂದ ಒಣಗತೊಡಗುವುದು ಬಲಿತ ಲಕ್ಷಣ. ಆಗ ನೀರು ಕೊಡುವುದನ್ನು ನಿಲ್ಲಿಸಿ ಮಣ್ಣನ್ನು ಆರಲು ಬಿಡಿ. ನಮ್ಮ ಬಯಲುಸೀಮೆಯಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಕೆಲಸ ಕೈಗೊಳ್ಳಬಹುದು. ಮಳೆ ಬಿದ್ದು ಮಣ್ಣು ಹಸಿಯಾಗಿರುವಾಗ ಕೀಳಬೇಡಿ.

ಒಣಗಿದ ಎಲೆಗಳನ್ನು ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು ತಾಕಿನಿಂದ ಹೊರಹಾಕಿ. ಗುದ್ದಲಿಯನ್ನು ಬುಡದಿಂದ ಒಂದು ಗೇಣು ದೂರದಲ್ಲಿ ಇಳಿಸಿ ಇಡೀ ಹಿಂಡನ್ನು ಕೆಳಗಿನಿಂದ ಎತ್ತಿರಿ. ಬುಡದ ಮೇಲೆಯೇ ಗುದ್ದಲಿ ಬಿದ್ದರೆ ಗಡ್ಡೆ ಸೀಳುತ್ತದೆ, ಸೀಳಿದ ಗಡ್ಡೆ ಸಂಗ್ರಹದಲ್ಲಿ ಕೊಳೆಯುತ್ತದೆ. ಅಂಟಿದ ಮಣ್ಣನ್ನು ಅಲುಗಾಡಿಸಿ ಉದುರಿಸಿ. ಬಿತ್ತನೆಗೆ ಇಡುವ ಗಡ್ಡೆಗಳನ್ನು ಈ ಹಂತದಲ್ಲಿ ತೊಳೆಯಬಾರದು. ಗುರುತು ಮಾಡಿದ ತಾಯಿಬುಡಗಳನ್ನು ಮೊದಲು ಕಿತ್ತು ಪ್ರತ್ಯೇಕ ಮಂಕರಿಗಳಲ್ಲಿ ಸಾಗಿಸಿ. ಉಳಿದವುಗಳೊಡನೆ ಬೆರೆಯಲು ಬಿಡಬೇಡಿ.

ಬೇರ್ಪಡಿಸುವುದು ಮತ್ತು ವರ್ಗೀಕರಣ

ಕಿತ್ತ ಹಿಂಡುಗಳನ್ನು ನೆರಳಿನಲ್ಲಿ ಮೂರು ನಾಲ್ಕು ದಿನ ಹರಡಿದರೆ ಉಳಿದ ಮಣ್ಣು ಒಣಗಿ ಉದುರುತ್ತದೆ, ಗಡ್ಡೆಗಳೂ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಕೈಯಿಂದಲೇ ಮೆಲ್ಲನೆ ತಿರುಚಿ, ಸಹಜವಾದ ಕೂಡುಜಾಗದಲ್ಲಿ ಬೇರ್ಪಡಿಸಿ. ಬಿಡದ ಕಡೆ ಮಾತ್ರ ಹರಿತವಾದ ಚಾಕು ಬಳಸಿ. ಪ್ರತಿ ಗಡ್ಡೆಗೂ ತಳದ ತಟ್ಟೆಯ ಭಾಗ ಉಳಿದಿರಲೇಬೇಕು. ತಟ್ಟೆಯಿಲ್ಲದ ಗಡ್ಡೆಗೆ ಬೇರು ಬಾರದು. ಹಳೆಯ ಬೇರುಗಳನ್ನು ತಟ್ಟೆಯ ಸಮೀಪಕ್ಕೆ ಕತ್ತರಿಸಿ ಸುಟ್ಟುಹಾಕಿ. ಜಂತುಹುಳುಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗುವುದು ಮುಖ್ಯವಾಗಿ ಈ ಬೇರು ಮತ್ತು ಅಂಟಿದ ಮಣ್ಣಿನ ಮೂಲಕವೇ. ಹೂ ಕೊಟ್ಟು ಬಳಲಿದ ನಡುವಿನ ತಾಯಿಗಡ್ಡೆಯನ್ನು ತೆಗೆದುಹಾಕಿ.

ಗಡ್ಡೆಗಳನ್ನು ಮೂರು ವರ್ಗಗಳಾಗಿ ಮಾಡಿ:

ದೊಡ್ಡವು: 2ರಿಂದ 3 ಸೆಂ.ಮೀ. ದಪ್ಪ, ಸುಮಾರು 25ರಿಂದ 30 ಗ್ರಾಂ ತೂಕ, ಕದಿರಿನ ಆಕಾರ. ಮುಖ್ಯ ನಾಟಿಗೆ ಇವೇ ಯೋಗ್ಯ. ಎಕರೆಗೆ ಸುಮಾರು 11 ಕ್ವಿಂಟಾಲಿಗೂ ಮೇಲ್ಪಟ್ಟು ಬೇಕಾಗುತ್ತವೆ.

ಮಧ್ಯಮ: 1.5ರಿಂದ 2 ಸೆಂ.ಮೀ. ದಪ್ಪ. ಪ್ರತ್ಯೇಕ ಸಾಲುಗಳಲ್ಲಿ ನೆಡಿ. ಹೂ ತಡವಾಗಿ ಬರುತ್ತದೆ.

ಸಣ್ಣವು: 1.5 ಸೆಂ.ಮೀ.ಗಿಂತ ಕಡಿಮೆ. ಮೊದಲ ವರ್ಷ ಸಾಮಾನ್ಯವಾಗಿ ಹೂ ಬಿಡುವುದಿಲ್ಲ. ಸಸಿಮಡಿಯಲ್ಲಿ 15 x 10 ಸೆಂ.ಮೀ. ಅಂತರದಲ್ಲಿ ನೆಟ್ಟು ಒಂದು ವರ್ಷ ಬೆಳೆಸಿದರೆ ಮುಂದಿನ ವರ್ಷಕ್ಕೆ ಬಿತ್ತನೆ ಗಡ್ಡೆಗಳಾಗುತ್ತವೆ.

ಮೂರೂ ಗಾತ್ರಗಳನ್ನು ಬೆರೆಸಿ ನೆಟ್ಟರೆ ಹೂ ಒಮ್ಮೆಲೇ ಬರುವುದಿಲ್ಲ. ಕೊಯ್ಲಿನ ಕೂಲಿ ಹೆಚ್ಚುತ್ತದೆ, ಸಣ್ಣ ಗಡ್ಡೆಗಳು ದೊಡ್ಡವುಗಳ ನೆರಳಿನಲ್ಲಿ ಕುಗ್ಗುತ್ತವೆ.

ಒಣಗಿಸುವುದು, ಸಂಗ್ರಹ ಮತ್ತು ಸುಪ್ತಾವಸ್ಥೆ

ಬೇರ್ಪಡಿಸಿದ ಗಡ್ಡೆಗಳನ್ನು ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ 10ರಿಂದ 15 ದಿನ ಒಣಗಿಸಿ. ಆಗಾಗ ತಿರುವಿಹಾಕಿ, ಬೂಷ್ಟು ಬಂದ, ಮೆತ್ತಗಾದ ಗಡ್ಡೆಗಳನ್ನು ಆರಿಸಿ ತೆಗೆಯಿರಿ. ಬಿಸಿಲಿನಲ್ಲಿ ಒಣಗಿಸಿದರೆ ಗಡ್ಡೆ ಸೊರಗುತ್ತದೆ, ರಾಶಿ ಹಾಕಿದರೆ ಬೇಯುತ್ತದೆ. ಅನಂತರ ಬಿದಿರಿನ ಅಟ್ಟಣಿಗೆ ಅಥವಾ ಜಾಲರಿ ತಟ್ಟೆಗಳ ಮೇಲೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಡಬಾರದು. ತಳಿ ಮತ್ತು ಗಾತ್ರದ ಹೆಸರು ಬರೆದ ಚೀಟಿಯನ್ನು ಪ್ರತಿ ತಟ್ಟೆಗೂ ಕಟ್ಟಿ.

ಹೊಸದಾಗಿ ಕಿತ್ತ ಗಡ್ಡೆ ಸುಪ್ತಾವಸ್ಥೆಯಲ್ಲಿರುತ್ತದೆ. ಕೂಡಲೇ ನೆಟ್ಟರೆ ಮೊಳಕೆ ತಡವಾಗಿ, ಹಿಂದುಮುಂದಾಗಿ ಬರುತ್ತದೆ. ನಾಲ್ಕರಿಂದ ಆರು ವಾರಗಳ ವಿಶ್ರಾಂತಿಯಿಂದ ಈ ತೊಂದರೆ ನಿವಾರಣೆಯಾಗುತ್ತದೆ. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಕಿತ್ತ ಗಡ್ಡೆ ಏಪ್ರಿಲ್–ಮೇ ತಿಂಗಳ ನೀರಾವರಿ ನಾಟಿಗೂ, ಜೂನ್–ಜುಲೈ ನಾಟಿಗೂ ಸಿದ್ಧವಾಗಿರುತ್ತದೆ.

ಗಡ್ಡೆ ಉಪಚಾರ ಮತ್ತು ನಾಟಿ

ನಾಟಿಗೆ ಮೊದಲು ಗಡ್ಡೆಗಳನ್ನು ಪ್ರತಿ ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ. ಕೈಗವಸು ಧರಿಸಿರಿ. ಉಳಿದ ದ್ರಾವಣವನ್ನು ಬಾವಿ, ಕಾಲುವೆಗಳ ಬಳಿ ಚೆಲ್ಲಬೇಡಿ. ಸಾವಯವ ಕೃಷಿಕರು ಇದರ ಬದಲಿಗೆ ಟ್ರೈಕೋಡರ್ಮಾ ಬಳಸಬಹುದು. ಶಿಲೀಂಧ್ರನಾಶಕ ಮತ್ತು ಟ್ರೈಕೋಡರ್ಮಾ ಎರಡನ್ನೂ ಒಟ್ಟಿಗೆ ಬಳಸಿದರೆ ಜೈವಿಕ ಶಿಲೀಂಧ್ರವೂ ಸಾಯುತ್ತದೆ ಎಂಬುದನ್ನು ಮರೆಯಬೇಡಿ.

ಭೂಮಿಯನ್ನು ಆಳವಾಗಿ ಉತ್ತು, ಹೆಕ್ಟೇರಿಗೆ 25 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಬೋದುಗಳ ಮೇಲೆ ಅಥವಾ ಏರುಮಡಿಗಳಲ್ಲಿ 45 x 20 ಸೆಂ.ಮೀ. ಇಲ್ಲವೇ 30 x 30 ಸೆಂ.ಮೀ. ಅಂತರದಲ್ಲಿ ನೆಡಿ. ಮೊಳಕೆಯ ತುದಿ ಮೇಲಿರಲಿ. ಆಳ 4ರಿಂದ 6 ಸೆಂ.ಮೀ. ಸಾಕು. ನಾಟಿಯಾದ ಸುಮಾರು ಮೂರು ತಿಂಗಳಿಗೆ ಹೂ ಆರಂಭವಾಗುತ್ತದೆ.

ಬೇರುಗಂಟು ಜಂತುಹುಳು: ಗಡ್ಡೆಯೊಂದಿಗೆ ಬರುವ ಶತ್ರು

ಸುಗಂಧರಾಜದ ತಾಕುಗಳು ಅಕಾಲದಲ್ಲಿ ಸೊರಗಲು ಬೇರುಗಂಟು ಜಂತುಹುಳು ಒಂದು ಮುಖ್ಯ ಕಾರಣ. ಬರಿಗಣ್ಣಿಗೆ ಕಾಣದ ಈ ಹುಳುಗಳು ಬೇರಿನೊಳಗೆ ಸೇರಿ ಗಂಟುಗಳನ್ನು ಉಂಟುಮಾಡುತ್ತವೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಜೀವನಚಕ್ರ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಗಿಡ ಅಲ್ಲಲ್ಲಿ ಗುಂಪುಗುಂಪಾಗಿ ಗಿಡ್ಡವಾಗಿ, ಎಲೆ ಹಳದಿಯಾಗಿ, ನೀರಿದ್ದರೂ ಮಧ್ಯಾಹ್ನ ಬಾಡಿದಂತೆ ಕಂಡರೆ ಅನುಮಾನಿಸಿ. ಇದನ್ನು ಗೊಬ್ಬರದ ಕೊರತೆಯೆಂದು ಭಾವಿಸಿ ಯೂರಿಯಾ ಸುರಿಯುವುದು ವ್ಯರ್ಥ ಖರ್ಚು.

ನಿರ್ವಹಣೆಗೆ ಈ ಕ್ರಮಗಳನ್ನು ಒಟ್ಟಾಗಿ ಅನುಸರಿಸಿ. ಬೇಸಿಗೆಯಲ್ಲಿ ಆಳವಾಗಿ ಉತ್ತು ಮಣ್ಣನ್ನು ಬಿಸಿಲಿಗೆ ಒಡ್ಡಿ. ಸಣ್ಣ ತಾಕಾಗಿದ್ದರೆ ಮಣ್ಣನ್ನು ತೇವ ಮಾಡಿ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನಾಲ್ಕರಿಂದ ಆರು ವಾರ ಹೊದಿಸಿ. ಕಿತ್ತ ತಾಕಿನಲ್ಲಿ ಮತ್ತೆ ಸುಗಂಧರಾಜ ನೆಡಬೇಡಿ. ಟೊಮ್ಯಾಟೊ, ಬದನೆ, ಬೆಂಡೆ, ಸೌತೆ ಬೆಳೆಗಳೂ ಈ ಹುಳುವಿಗೆ ಆಶ್ರಯವಾದ್ದರಿಂದ ಅವೂ ಬೇಡ. ಚೆಂಡು ಹೂ ಬೆಳೆದರೆ ಹುಳುವಿನ ಸಂಖ್ಯೆ ತಗ್ಗುತ್ತದೆ, ಮಾರಾಟದ ಹೂವೂ ಸಿಗುತ್ತದೆ. ಹೊಸ ತಾಕಿಗೆ ಬೇವಿನ ಹಿಂಡಿಯೊಡನೆ ಪರ್ಪ್ಯುರಿಯೋಸಿಲಿಯಮ್ ಲಿಲಾಸಿನಮ್ ಅಥವಾ ಪೊಕೋನಿಯಾ ಕ್ಲಾಮಿಡೋಸ್ಪೋರಿಯಾದಂತಹ ಜೈವಿಕ ಶಿಲೀಂಧ್ರವನ್ನು ಬೆರೆಸಿ, ಎರಡು ವಾರ ನೆರಳಿನಲ್ಲಿ ತೇವವಾಗಿಟ್ಟು ವೃದ್ಧಿಪಡಿಸಿ ಬಳಸಿ.

ಬುಡಕೊಳೆ ರೋಗ: ಎಲೆಗಳು ಬುಡದಲ್ಲಿ ಕಳಚಿಕೊಂಡು, ಮಣ್ಣಿನ ಮಟ್ಟದಲ್ಲಿ ಬಿಳಿ ನೂಲಿನಂತಹ ಶಿಲೀಂಧ್ರವೂ ಸಾಸಿವೆಯಂತಹ ಕಂದು ಕಾಳುಗಳೂ ಕಂಡರೆ ಇದು ಸ್ಕ್ಲೆರೋಷಿಯಮ್ ರೋಗ. ಅಂತಹ ಬುಡವನ್ನು ಸುತ್ತಲಿನ ಮಣ್ಣಿನ ಸಹಿತ ತೆಗೆದು ನಾಶಪಡಿಸಿ, ನೀರು ಬಸಿದುಹೋಗುವಂತೆ ಮಾಡಿ. ಈ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ.

ಹಿತ್ತಲಿನ ಸುಗಂಧರಾಜ

ಮನೆಯಂಗಳ ಮತ್ತು ಕುಂಡಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಒಂದಡಿ ಅಗಲದ ಕುಂಡಕ್ಕೆ ಮೂರು ಗಡ್ಡೆ ಸಾಕು. ಎಲೆ ಸಮೃದ್ಧವಾಗಿದ್ದೂ ಹೂ ಬಾರದಿದ್ದರೆ ಸಾಮಾನ್ಯವಾಗಿ ಅದು ಗಡ್ಡೆಗಳು ಕಿಕ್ಕಿರಿದಿರುವ ಅಥವಾ ನೆರಳು ಹೆಚ್ಚಾದ ಸೂಚನೆ. ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಆರಂಭದಲ್ಲಿ ಕುಂಡವನ್ನು ಬರಿದುಮಾಡಿ ಗಡ್ಡೆಗಳನ್ನು ಬೇರ್ಪಡಿಸಿ, ಹೊಸ ಮಣ್ಣಿನಲ್ಲಿ ದೊಡ್ಡ ಗಡ್ಡೆಗಳನ್ನು ನೆಡಿ.

ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ನೆರೆಯವರ ಹೊಲದ ಗಡ್ಡೆ ತರಬಹುದೇ?
ತರಬಹುದು. ಆದರೆ ಒಣಗಿದ ಗಡ್ಡೆಯ ರಾಶಿಯನ್ನು ನೋಡಿ ಒಪ್ಪಿಕೊಳ್ಳಬೇಡಿ. ಬೆಳೆ ಹೂವಿನಲ್ಲಿರುವಾಗ ಒಮ್ಮೆ ತಾಕಿಗೆ ಹೋಗಿ, ಐದು ಬುಡ ಕಿತ್ತು ಬೇರು ನೋಡಲು ಅನುಮತಿ ಕೇಳಿ. ಉಚಿತವಾಗಿ ಬಂದ ಗಡ್ಡೆಯ ಜೊತೆ ಜಂತುಹುಳು ಬಂದರೆ ಅದರ ಬೆಲೆಯನ್ನು ನಿಮ್ಮ ಭೂಮಿ ಹಲವು ವರ್ಷ ತೆರಬೇಕಾಗುತ್ತದೆ.

ಗಂಟುಬೇರು ಇರುವ ತಾಕಿನ ಗಡ್ಡೆಯ ಬೇರು ಕತ್ತರಿಸಿ ನೆಟ್ಟರೆ ಆಗದೇ?
ಬೇರು ಕತ್ತರಿಸುವುದರಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಹೊಸ ಭೂಮಿಗೆ ಅಂತಹ ಗಡ್ಡೆಯನ್ನು ಒಯ್ಯಬಾರದು.

ಇಡೀ ತಾಕನ್ನು ಒಮ್ಮೆಲೇ ಕಿತ್ತರೆ ಆದಾಯ ನಿಲ್ಲುವುದಿಲ್ಲವೇ?
ನಿಲ್ಲುತ್ತದೆ. ಆದ್ದರಿಂದ ಬೆಳೆಯನ್ನು ಮೂರು ಭಾಗಗಳಾಗಿ ಮಾಡಿ, ಪ್ರತಿ ವರ್ಷ ಹಳೆಯ ಒಂದು ಭಾಗವನ್ನು ಕಿತ್ತು, ಬೇರೆ ಭೂಮಿಯಲ್ಲಿ ಒಂದು ಹೊಸ ಭಾಗ ನೆಡಿ. ಹೀಗೆ ಮಾಡಿದರೆ ಯಾವ ವರ್ಷವೂ ಹೂ ತಪ್ಪುವುದಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಸುಗಂಧರಾಜದ ತಾಕಿಗೆ ಭೇಟಿ ನೀಡಿದಾಗ ಎಲೆ ಮತ್ತು ಹೂವನ್ನಷ್ಟೇ ನೋಡಿ ಸಲಹೆ ಕೊಡದೆ, ರೈತರ ಸಮ್ಮುಖದಲ್ಲಿ ಬುಡ ಕಿತ್ತು ಬೇರು ತೋರಿಸಿ. ಹೂವಿನ ಕಾಲದಲ್ಲಿ ತಾಯಿಬುಡ ಗುರುತಿಸುವ ಪ್ರಾತ್ಯಕ್ಷಿಕೆಯನ್ನೂ, ಬೇಸಿಗೆಯ ಮುನ್ನ ಗಡ್ಡೆ ವರ್ಗೀಕರಣದ ಪ್ರಾತ್ಯಕ್ಷಿಕೆಯನ್ನೂ ಏರ್ಪಡಿಸಿ. ಊರಿನಲ್ಲಿ ಗಡ್ಡೆ ಕೊಡುಕೊಳ್ಳುವಿಕೆ ನಡೆಯುವ ತಿಂಗಳುಗಳಿಗೆ ಮೊದಲೇ ಈ ಮಾಹಿತಿ ರೈತರನ್ನು ತಲುಪಬೇಕು. ಬೇರಿನಲ್ಲಿ ಗಂಟು ಅಥವಾ ಅನುಮಾನಾಸ್ಪದ ಲಕ್ಷಣ ಕಂಡಲ್ಲಿ ಬೇರು ಮತ್ತು ಬೇರಿನ ಸುತ್ತಲಿನ ಮಣ್ಣಿನ ಮಾದರಿಯನ್ನು ಒಣಗಲು ಬಿಡದೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ, ತಜ್ಞರ ಸಲಹೆ ಪಡೆದ ನಂತರವೇ ರಾಸಾಯನಿಕಗಳನ್ನು ಶಿಫಾರಸು ಮಾಡಿ.